ಗೊಲ್ಲವಾರಿ ಕುಂಟೆಯ ಮೀನುಗಳಿಗೆ ರೋಗವಿರಲಿಲ್ಲ

ಮಲ್ಕಾಜ್‌ಗಿರಿ, ಹೈದರಾಬಾದು
ಜೂನ್ 1993

ಕೆರೆಕುಂಟೆಗಳ ಮೀನಿನ ಆರೋಗ್ಯದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಹೋದ ಮಾರ್ಚ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ತಮ್ಮ ಆದೇಶದಂತೆ ಮಲ್ಕಾಜ್‌ಗಿರಿಯ ರೈಲು ಹಳಿಯಾಚೆಗಿನ ಗೊಲ್ಲವಾರಿ ಕುಂಟೆಗೆ ಮೂಟೆಗಟ್ಟಲೆ ಬ್ಲೀಚಿಂಗ್ ಪುಡಿ ಸುರಿದು ಅಲ್ಲಿದ್ದ ಮೀನುಗಳನ್ನೆಲ್ಲ ಕೊಲ್ಲಲಾಯಿತು. ಕಾರಣ, ಕೆಲವು ಮೀನುಗಳ ಬಾಲದಲ್ಲಿ ಕಂಡುಬಂದ ಮೂರು ಮೂಲೆಯ ಒಂದು ತೂತು. ತಾವು ಅದನ್ನು ರೋಗವೆಂದಿರಿ. ಅದು ರೋಗವಲ್ಲ. ರೈಲ್ವೆಯ ಟಿಕೆಟ್ ಕಲೆಕ್ಟರ್ ಒಬ್ಬರು ಗೇಟಿನಲ್ಲಿ ನಿಂತು ಟಿಕೆಟ್ ಕತ್ತರಿಸುವ ಪಂಚಿನ ಗುರುತು. ಆ ಟಿಕೆಟ್ ಕಲೆಕ್ಟರ್ ನನ್ನ ಗಂಡ.

ಈ ಮೀನುಗಳ ವಿಷಯವಾಗಿ ಮೊದಲ ಸಲ ತಮಗೆ ಇಂಗ್ಲಿಷಿನಲ್ಲಿ ಬರೆದೆ. ಎರಡನೆಯ ಸಲ ಪಕ್ಕದ ಮನೆಯ ಮೇಷ್ಟರ ಕೈಯಿಂದ ತೆಲುಗಿನಲ್ಲಿ ಬರೆಸಿದೆ. ಎರಡರಿಂದಲೂ ಏನೂ ಆಗಲಿಲ್ಲ. ಈ ಸಲ ಕನ್ನಡದಲ್ಲಿ ಬರೆದು ಇಲ್ಲಿನ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ಕೊಡುತ್ತಿದ್ದೇನೆ. ತಮಗೆ ಕನ್ನಡ ಬಾರದೆಂದು ಬಲ್ಲೆ. ಆದರೆ ಬರುವ ಭಾಷೆಯಲ್ಲಿ ಬರೆದು ಆದ ಪ್ರಯೋಜನವನ್ನು ನೋಡಿದ ಮೇಲೆ, ಬಾರದ ಭಾಷೆಯಲ್ಲಿ ಬರೆಯುವುದರಿಂದ ಹೆಚ್ಚಿನ ನಷ್ಟವೇನೂ ನನಗೆ ಕಾಣಲಿಲ್ಲ. ಜತೆಗೆ, ಅಳುವುದಿದ್ದರೆ ನನಗೆ ಈ ಭಾಷೆಯಲ್ಲಿ ಅಳುವುದು ಸುಲಭ.

ನನ್ನ ಹೆಸರು ಸುಹಾಸಿನಿ. ವಯಸ್ಸು ನಲವತ್ತೇಳು. ಸಿಕಂದರಾಬಾದಿನ ಒಂದು ರೈಲ್ವೆ ಕಚೇರಿಯಲ್ಲಿ ಟಪಾಲು ಗುಮಾಸ್ತೆ. ಒಳಬರುವ ಕಾಗದಕ್ಕೆ ಒಂದು ರಿಜಿಸ್ಟರು, ಹೊರಹೋಗುವ ಕಾಗದಕ್ಕೆ ಇನ್ನೊಂದು, ಎರಡರ ನಡುವೆ ನಾನು. ತಾವೂ ಸರ್ಕಾರಿ ನೌಕರರು, ನಾನೂ ಸರ್ಕಾರಿ ನೌಕರಳು. ಹಾಗಾಗಿ ಕಡತ ಹೇಗೆ ಮಲಗುತ್ತದೆ, ಹೇಗೆ ಎದ್ದು ಕೂರುತ್ತದೆ, ಯಾರು ರಜೆಯಿಂದ ಬಂದ ಮೇಲೆ ಅದಕ್ಕೆ ಕಾಲು ಬರುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಈ ಪತ್ರದಲ್ಲಿ ಸಿಟ್ಟು ಕಂಡರೆ ಅದು ಹೊರಗಿನವಳ ಸಿಟ್ಟಲ್ಲ ಎಂದು ತಿಳಿಯಬೇಕು.

ನನ್ನ ಗಂಡ ಪ್ರಹ್ಲಾದರಾವ್. ಮೂಲ ರಾಯಚೂರು ಕಡೆಯವರು. ನಮ್ಮ ಮಾವನವರ ಕಾಲಕ್ಕೇ ರೈಲ್ವೆ ನೌಕರಿಗೆಂದು ಇಲ್ಲಿಗೆ ಬಂದು ನಿಂತ ಮನೆತನ. ಹೊರಗೆ ತೆಲುಗು, ಬಜಾರಿನಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಮಾಧ್ವರ ಮನೆ. ಉಳ್ಳಾಗಡ್ಡಿ ಹೆಚ್ಚಬೇಕಾದರೂ ಅತ್ತೆಯವರ ಮುಖ ನೋಡಿ ಹೆಚ್ಚಬೇಕು. ಇಂಥ ಮನೆಯ ಒಬ್ಬನೇ ಮಗನಿಗೆ ಗಾಳ ಹಾಕಿ ಮೀನು ಹಿಡಿಯುವ ಹುಚ್ಚು ಹಿಡಿಯಿತು. ಹಿಡಿಸಿದವನು ಮಲ್ಲಣ್ಣ. ಲೋಕೋ ಶೆಡ್ಡಿನಲ್ಲಿ ಫಿಟ್ಟರ್, ಹುಮನಾಬಾದ್ ಕಡೆಯವನು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವನು. ಒಂದು ಭಾನುವಾರ ಜತೆಗೆ ಬನ್ನಿ ಎಂದು ಕುಂಟೆಗೆ ಕರೆದುಕೊಂಡು ಹೋದ. ಅವತ್ತು ಗಾಳಕ್ಕೆ ಬಿದ್ದದ್ದು ಮೀನಲ್ಲ, ನನ್ನ ಗಂಡ.

ಅವರು ಹುಳ ಚುಚ್ಚುತ್ತಿರಲಿಲ್ಲ. ಗೋಧಿ ಹಿಟ್ಟು ಕಲಸಿ, ಅದಕ್ಕೆ ಇಂಗು ಬೆರೆಸಿ, ಸಣ್ಣ ಉಂಡೆ ಮಾಡಿಕೊಂಡು ಒಯ್ಯುತ್ತಿದ್ದರು. ಗಾಳದ ಹಿಂಮುಳ್ಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು, ಬಿಡಿಸುವಾಗ ಬಾಯಿ ಹರಿಯಬಾರದೆಂದು. ಸಿಕ್ಕ ಮೀನನ್ನು ಒದ್ದೆ ಟವಲಿನಲ್ಲಿ ಹಿಡಿದು, ಒಂದು ಸಲ ಮುಖ ನೋಡಿ, ನೀರಿಗೆ ಬಿಡುವುದು. ಅಷ್ಟೇ. ಮನೆಗೆ ಬಂದು ಹಿತ್ತಲ ನಲ್ಲಿಯ ಕೆಳಗೆ ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಕಾಲಿಡುವುದು. ನನ್ನ ಅತ್ತೆ ಗೋದಾಬಾಯಿಯವರಿಗೆ ಎಲ್ಲ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು. ಕೇಳಿದರೆ ಇಂಗಿನ ವಿಷಯ ಮಾತ್ರ ಕೇಳುತ್ತಿದ್ದರು.

"ಇಂಗಿನ ಡಬ್ಬಿ ಮತ್ತ ಖಾಲಿ ಆಗ್ಯದ ನೋಡು. ಸಾರಿಗೆ ಹಾಕಿದ್ದು ಒಂದು ಚಿಟಿಕಿ. ಉಳದದ್ದು ಯಾರ ಹೊಟ್ಟೀಗೆ ಹೋತು?"

"ಕುಂಟ್ಯಾಗಿನ ಮಂದೀಗೆ, ಅವ್ವಾ. ಅವರಿಗೂ ಅಜೀರ್ಣ ಆಗ್ತದ."

ಪಂಚು ಅವರ ಅಂಗಿಯ ಜೇಬಿನಲ್ಲಿ ಭಾನುವಾರವೂ ಇರುತ್ತಿತ್ತು. ಅದಿಲ್ಲದಿದ್ದರೆ ಅಂಗಿಯೇ ತೊಟ್ಟ ಹಾಗಿಲ್ಲ ಎನ್ನುತ್ತಿದ್ದರು. ಒಂದು ಸಲ ಒಂದು ರೋಹು ಮೀನು ಸಿಕ್ಕಾಗ, ಇದನ್ನು ಹೋದ ವಾರವೂ ಹಿಡಿದಿದ್ದೆ ಎಂದರು. ಮಲ್ಲಣ್ಣ ನಕ್ಕ. "ಮೀನಿನ ಮಾರಿ ನೆನಪ ಇಡಾವ್ರು ನೀವೊಬ್ಬರ ನೋಡ್ರಿ ರಾಯರ" ಎಂದ. ವಾದ ಬೆಳೆಯಿತು. ವಾದ ತೀರಿಸಲು ಇವರು ಜೇಬಿನಿಂದ ಪಂಚು ತೆಗೆದು ಬಾಲದ ತುದಿಯಲ್ಲಿ ಒಂದು ಕಟ್ ಹಾಕಿದರು. ಅಲ್ಲಿ ನೋವಿರುವುದಿಲ್ಲ, ನಮ್ಮ ಉಗುರಿದ್ದ ಹಾಗೆ ಎಂದು ಅವರ ನಂಬಿಕೆ. ಮೇಲೆ ಒಂದು ಚಿಟಿಕೆ ಅರಿಷಿಣ ಹಚ್ಚಿ, ಗೇಟಿನಲ್ಲಿ ಪ್ರಯಾಣಿಕರಿಗೆ ಹೇಳುವ ಧಾಟಿಯಲ್ಲೇ, "ಹ್ಞಾಂ, ಆತು, ಹೋಗ್ರಿ ಮುಂದ" ಎಂದು ಬಿಟ್ಟರು. ಅಂದಿನಿಂದ ಇದು ಅವರ ಪದ್ಧತಿಯಾಯಿತು. ಹಿಡಿದ ಪ್ರತಿ ಮೀನಿಗೂ ಒಂದು ಕಟ್, ಒಂದು ಚಿಟಿಕೆ ಅರಿಷಿಣ, ಒಂದು ಹೋಗ್ರಿ ಮುಂದ. ಮೀನುಗಳಿಗೂ ಬಹುವಚನ.

ಇಲ್ಲಿ ಒಂದು ವಿವರ ತಮ್ಮ ಗಮನಕ್ಕೆ. ಪಂಚಿನಿಂದ ಪಂಚಿಗೆ ಕಟ್ಟಿನ ಆಕಾರ ಬೇರೆ. ಅವರದು ಮೂರು ಮೂಲೆಯದು. ಒಮ್ಮೆ ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಬಿದ್ದು ಅದರ ಒಂದು ಮೂಲೆ ಮೊಂಡಾಗಿತ್ತು. ಕುಂಟೆಯ ದಂಡೆಯಲ್ಲಿ ಕೂರುವ ಹತ್ತಿಪ್ಪತ್ತು ಮಂದಿಗೆಲ್ಲ ಈ ಗುರುತು ಗೊತ್ತಿತ್ತು. ಅವರೆಲ್ಲ ಮೀನು ತಿನ್ನುವವರೇ. ಆದರೆ ಮೊಂಡು ಮೂಲೆಯ ಮೀನು ಸಿಕ್ಕರೆ "ಛೋಡ್ ದೇ ರೇ, ಟೀಸಿ ಸಾಬ್ ಕಾ ಹೈ", ಬಿಡೋ, ಟಿಕೆಟ್ ಕಲೆಕ್ಟರ್ ಸಾಹೇಬರದು, ಎಂದು ಬಿಟ್ಟುಬಿಡುತ್ತಿದ್ದರು. ಯಾರೂ ಬೋರ್ಡು ಹಾಕಿರಲಿಲ್ಲ, ಯಾರೂ ಆದೇಶ ಹೊರಡಿಸಿರಲಿಲ್ಲ.

1988ರ ಡಿಸೆಂಬರಿನಲ್ಲಿ, ಬೆಳಗಿನ ಪ್ಯಾಸೆಂಜರ್ ಬಂದು ಜನ ಗೇಟಿನಲ್ಲಿ ನುಗ್ಗುತ್ತಿದ್ದಾಗ, ಪಂಚು ಕೈಯಲ್ಲಿ ಹಿಡಿದುಕೊಂಡೇ ಅವರು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಐವತ್ತು ತುಂಬಿರಲಿಲ್ಲ. ನಮಗೆ ಮಕ್ಕಳಿಲ್ಲ. ಅವರ ಗಡಿಯಾರ, ಕನ್ನಡಕ, ಪಂಚು ಮೂರನ್ನೂ ಕರವಸ್ತ್ರದಲ್ಲಿ ಕಟ್ಟಿ ಮಲ್ಲಣ್ಣ ಮನೆಗೆ ತಂದುಕೊಟ್ಟ.

ಹದಿನೈದು ದಿನಕ್ಕೆ ಕಚೇರಿಯಿಂದ ಕಾಗದ ಬಂತು. ಟೋಪಿ, ಬ್ಯಾಡ್ಜು, ಪಂಚು ಮರಳಿಸಬೇಕು. ಟೋಪಿ ಕೊಟ್ಟೆ, ಬ್ಯಾಡ್ಜು ಕೊಟ್ಟೆ. ಪಂಚಿನ ಎದುರಿಗೆ "ಸಿಕ್ಕಿಲ್ಲ" ಎಂದು ಬರೆದು ಸಹಿ ಮಾಡಿದೆ. ನನ್ನ ಜೀವನದಲ್ಲಿ ಕಾಗದದ ಮೇಲೆ ಬರೆದ ಮೊದಲ ಸುಳ್ಳು ಅದು. ಅದೇ ಇಲಾಖೆ ಮುಂದೆ ಅನುಕಂಪದ ಆಧಾರದ ಮೇಲೆ ನನಗೆ ನೌಕರಿ ಕೊಟ್ಟಿತು, ಆ ಸುಳ್ಳಿನ ಮೇಲೆಯೇ ಕೂತು ಇವತ್ತಿಗೂ ಅನ್ನ ತಿನ್ನುತ್ತಿದ್ದೇನೆ. ಪಂಚನ್ನು ಎಲ್ಲಿ ಇಡುವುದೆಂದು ನಾನು ನೋಡುತ್ತಿದ್ದಾಗ ಅತ್ತೆಯವರು ಅದನ್ನು ಕೈಯಿಂದ ತೆಗೆದುಕೊಂಡರು. ಮೀನು ಮುಟ್ಟಿದ ಪಂಚು. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಸೆರಗಿನಿಂದ ಒರೆಸಿ, ದೇವರ ಮಾಡದ ಕೆಳಗಿನ ಗೂಡಿನಲ್ಲಿ ಇಟ್ಟರು.

ಫೆಬ್ರವರಿಯಲ್ಲಿ ಒಂದು ಭಾನುವಾರ ಮಲ್ಲಣ್ಣ ಬಂದ. ಬಾಗಿಲಲ್ಲೇ ನಿಂತು, "ವೈನಿ, ಇವತ್ತ ರಾಯರ ಮೀನ ಸಿಕ್ಕಿತ್ತರಿ. ಆ ದೊಡ್ಡ ಕಾಟ್ಲಾ. ಭಾಳ ಹುರುಪಿನಾಗ ಐತ್ರಿ. ಬಿಟ್ಟ ಬಂದೀನಿ" ಎಂದ. ಒಳಗಿನಿಂದ ಅತ್ತೆಯವರ ದನಿ ಬಂತು. "ಹೆಂಗದನೋ ಮಲ್ಲಣ್ಣಾ? ಸೊರಗಿಲ್ಲ ಹೌದಲ್ಲೋ?"

ಬೇರೆ ಊರಿಗೆ ವರ್ಗವಾಗಿ ಹೋದ ಮಗನ ಸುದ್ದಿ ಕೇಳಿದ ಹಾಗೆ ಕೇಳಿದರು. ಆಮೇಲೆ ಪ್ರತಿ ಭಾನುವಾರ ಇದೇ ಆಯಿತು. ಸಂಜೆ ಐದಕ್ಕೆ ಅವರು ಬಾಗಿಲ ಬಳಿ ಚಾಪೆ ಹಾಕಿಕೊಂಡು ಕೂರುವರು. ಮಲ್ಲಣ್ಣ ಬಂದು ಸುದ್ದಿ ಹೇಳುವನು. ನಾನು ಅವನಿಗೆ ಚಹಾ ಕೊಡುವೆನು. ಮಾನ್ಯರೇ, ಮಗನನ್ನು ಕಳೆದುಕೊಂಡ ತಾಯಿಗೆ ತಮ್ಮ ಸರ್ಕಾರದಲ್ಲಿ ಯಾವ ಯೋಜನೆಯಿದೆಯೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಈ ಒಂದು ಯೋಜನೆ ನಾಲ್ಕು ವರ್ಷ ತಪ್ಪದೆ ನಡೆಯಿತು.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಈ ವರ್ಷ ಫೆಬ್ರವರಿಯಲ್ಲಿ ಬೇರೆ ಬಡಾವಣೆಯ ಯಾರೋ ಹವ್ಯಾಸಿಗಳು ನಮ್ಮ ಕುಂಟೆಗೆ ಗಾಳ ಹಾಕಲು ಬಂದರು. ಅವರಿಗೆ ನಮ್ಮ ಮೀನು ಸಿಕ್ಕಿತು. ಫೋಟೋ ತೆಗೆದರು. "ಮೀನಿನ ಬಾಲದಲ್ಲಿ ವಿಚಿತ್ರ ಗುರುತು" ಎಂದು ಪತ್ರಿಕೆಯಲ್ಲಿ ಬಂತು. ಎರಡು ದಿನ ಜನ ಕುಂಟೆಯ ದಂಡೆಗೆ ಮುಗಿಬಿದ್ದರು. ಒಬ್ಬರಿಗೆ ಅದು ತ್ರಿಶೂಲದ ತುದಿಯ ಹಾಗೆ ಕಂಡಿತು, ಒಬ್ಬರಿಗೆ ಬಿಲ್ವಪತ್ರೆಯ ಹಾಗೆ. ಯಾರೋ ನೀರಿಗೆ ಕುಂಕುಮ ಹಾಕಿದರು. ಮೂರನೆಯ ದಿನ, ಗುರುವಾರ, ತಮ್ಮ ಜೀಪು ಬಂತು. ಬಲೆ ಎಳೆದು ಗುರುತಿದ್ದ ಮೂರು ಮೀನು ಒಯ್ದಿರಿ. ವಾರದೊಳಗೆ ಬೋರ್ಡು ಬಂತು: ರೋಗಪೀಡಿತ ಮೀನು, ಹಿಡಿಯಬಾರದು, ತಿನ್ನಬಾರದು.

ತಮ್ಮ ವರದಿಯ ಪ್ರತಿಯನ್ನು ನಾನು ಆಮೇಲೆ ಓದಿದ್ದೇನೆ. ಚೆನ್ನಾಗಿ ಬರೆದಿದ್ದೀರಿ. "ಗಾಯಗಳು ಎಲ್ಲ ಮಾದರಿಗಳಲ್ಲಿಯೂ ಒಂದೇ ಗಾತ್ರದ ತ್ರಿಕೋನಾಕಾರದಲ್ಲಿದ್ದು, ಒಂದು ಕೋನವು ಏಕರೂಪವಾಗಿ ಮೊಂಡಾಗಿದೆ." ಇದನ್ನು ಬರೆದ ಕೈ ಒಂದು ಕ್ಷಣ ನಿಲ್ಲಲಿಲ್ಲವೇ? ಯಾವ ರೋಗ ಸ್ಕೇಲು ಪಟ್ಟಿ ಹಿಡಿದು ಗೆರೆ ಎಳೆಯುತ್ತದೆ? ಯಾವ ಕ್ರಿಮಿ ಪ್ರತಿ ಮೀನಿನ ಬಾಲದಲ್ಲೂ ಅದೇ ಜಾಗ ಹುಡುಕಿ ಅಷ್ಟೇ ತಿಂದು ಏಳುತ್ತದೆ? "ಗಾಯದ ಅಂಚಿನಲ್ಲಿ ನಸುಹಳದಿ ಬಣ್ಣ ಕಂಡುಬಂದಿದ್ದು, ಸೋಂಕಿನ ಲಕ್ಷಣವಿರಬಹುದು." ಅದು ಅರಿಷಿಣ, ಸ್ವಾಮಿ. ನಮ್ಮ ಅಡುಗೆಮನೆಯ ಅರಿಷಿಣ. ತಮ್ಮ ಮನೆಯಲ್ಲೂ ಇರುತ್ತದೆ, ತಮ್ಮ ತಾಯಿಯವರೂ ಹಚ್ಚಿರುತ್ತಾರೆ, ತಾವು ಮೊಣಕಾಲು ತರಚಿಸಿಕೊಂಡು ಬಂದಾಗ.

ಎರಡು ವರ್ಷದ ಹಿಂದೆ ಕೆರೆಗಳ ಮೀನಿಗೆ ಕೆಂಪು ಹುಣ್ಣಿನ ರೋಗ ಬಂದು ತಮ್ಮವರು ಕಂಗೆಟ್ಟಿದ್ದು ನಿಜ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ಒಂದೇ. ದಂಡೆಯ ಮೇಲೆ ದಿನಾ ಕೂರುವ ಒಬ್ಬನನ್ನಾದರೂ ಕರೆದು, ಏನಪ್ಪಾ ಇದು ಎಂದು ತಾವು ಯಾಕೆ ಕೇಳಲಿಲ್ಲ? ಬಲೆ ಎಳೆದ ದಿನ ಮಲ್ಲಣ್ಣ ಅಲ್ಲೇ ಇದ್ದ. ಹೇಳಲು ಹೋದ. ಲುಂಗಿ ಉಟ್ಟವನು ಮೀನಿನ ಬಗ್ಗೆ ಹೇಳುವುದೇನಿದೆ ಎಂದು ತಮ್ಮ ಡ್ರೈವರು ಅವನನ್ನು ಹಿಂದಕ್ಕೆ ಕಳಿಸಿದ.

ಆದರೆ ಆ ವರದಿಯಲ್ಲಿ ಒಂದು ವಾಕ್ಯ ಸರಿಯಾಗಿದೆ. ನಿಜ ಹೇಳಬೇಕಾದರೆ, ಆ ಒಂದು ವಾಕ್ಯಕ್ಕಾಗಿಯೇ ನಾನು ಈ ಪತ್ರ ಬರೆಯುತ್ತಿದ್ದೇನೆ. "ಹೆಚ್ಚಿನ ಗಾಯಗಳು ಹೊಸವು" ಎಂದು ಬರೆದಿದ್ದೀರಿ. ನನ್ನ ಗಂಡ ಹೋಗಿ ನಾಲ್ಕು ವರ್ಷ. ಗಾಯ ಹೊಸದು ಹೇಗಾಯಿತು ಎಂದು ಯಾರೂ ಕೇಳಲಿಲ್ಲ. ಹೇಳುತ್ತೇನೆ.

ಮೀನಿನ ಬಾಲ ಮತ್ತೆ ಬೆಳೆಯುತ್ತದೆ. ಅವರು ತೀರಿಹೋದ ಮರುವರ್ಷದ ಬೇಸಗೆಯಲ್ಲಿ ಮಲ್ಲಣ್ಣ ಒಂದು ಭಾನುವಾರ ಅತ್ತೆಯವರಿಗೆ ಸುದ್ದಿ ಹೇಳಿ, ನನ್ನನ್ನು ಹಿತ್ತಲಿಗೆ ಕರೆದ. "ವೈನಿ, ಹೇಳಬಾರದು. ಆದರ ಗುರುತ ತುಂಬಾಕತ್ತೈತ್ರಿ. ಇನ್ನ ಎರಡ ತಿಂಗಳಿಗೆ ಯಾವುದು ರಾಯರ ಮೀನ, ಯಾವುದು ಬ್ಯಾರೆ, ನನಗೂ ತಿಳಿಯಂಗಿಲ್ಲ. ಅವ್ವಾರಿಗೆ ಏನ ಹೇಳಲಿ?"

ಆ ವಾರವೆಲ್ಲ ರಿಜಿಸ್ಟರಿನಲ್ಲಿ ತಪ್ಪು ನಂಬರು ಬರೆದೆ. ಮುಂದಿನ ಭಾನುವಾರ ಗೂಡಿನಿಂದ ಪಂಚು ತೆಗೆದು ಕೈಚೀಲಕ್ಕೆ ಹಾಕಿಕೊಂಡು ಕುಂಟೆಗೆ ಹೋದೆ. ಅತ್ತೆಯವರು ನೋಡಿದರು, ಅರಿಷಿಣದ ಡಬ್ಬಿಯನ್ನು ತಂದು ಕೈಗೆ ಕೊಟ್ಟರು. ನಾನು ಹುಟ್ಟಿದ ಮೇಲೆ ಮೀನು ಮುಟ್ಟಿದವಳಲ್ಲ. ಮಲ್ಲಣ್ಣ ಆ ದೊಡ್ಡ ಕಾಟ್ಲಾವನ್ನು ಒದ್ದೆ ಟವಲಿನಲ್ಲಿ ಹಿಡಿದಿದ್ದ. ತಣ್ಣಗಿತ್ತು, ಬಾಯಿ ತೆರೆದು ಮುಚ್ಚುತ್ತಿತ್ತು. ಎರಡು ಎಲೆಯ ಹಾಗೆ ಕವಲೊಡೆದ ಬಾಲದ ಮೇಲಿನ ಎಲೆಯಲ್ಲಿ ಅವರು ಹಾಕಿದ ಕಟ್ ಇತ್ತು. ಅದು ಸ್ವಲ್ಪ ಒಳಗೆ, ಬುಡದ ಹತ್ತಿರ ಬಿದ್ದಿದ್ದರಿಂದ ಪೂರ್ತಿ ತುಂಬದೆ ಮಸುಕಾಗಿ ಉಳಿದಿತ್ತು. ನಾನು ಕೆಳಗಿನ ಎಲೆಯಲ್ಲಿ ಪಂಚು ಇಟ್ಟು, ಶ್ರೀಹರಿ ಎಂದು ಕಣ್ಣು ಮುಚ್ಚಿ ಒತ್ತಿದೆ. ಅರಿಷಿಣ ಹಚ್ಚಿದೆ. "ಹೋಗ್ರಿ ಮುಂದ" ಎಂದು ಮಾತ್ರ ನಾನು ಅನ್ನಲಿಲ್ಲ. ಮಲ್ಲಣ್ಣನೇ ಅಂದ.

ನಾಲ್ಕು ವರ್ಷ ಇದನ್ನೇ ಮಾಡಿದೆ. ಯಾವ ಮೀನಿನ ಗುರುತು ತುಂಬುತ್ತ ಬಂತೋ ಅದರ ಮೇಲೆ ಮತ್ತೊಂದು ಕಟ್. ಮೀನುಗಳು ಸುಮ್ಮನೆ ಬಿಟ್ಟಿದ್ದರೆ ಅವನ್ನು ಮರೆತು, ಬಾಲ ಬೆಳೆಸಿಕೊಂಡು, ಉಳಿದ ಮೀನುಗಳಲ್ಲಿ ಮೀನಾಗಿ ಇರುತ್ತಿದ್ದವು. ನಾನು ಬಿಡಲಿಲ್ಲ. ನನ್ನ ದುಃಖಕ್ಕೆ ಗುರುತು ಬೇಕಾಗಿತ್ತು. ಪತ್ರಿಕೆಯಲ್ಲಿ ಬಂದ ಫೋಟೋದ ಗುರುತು ಅವರದಲ್ಲ, ನನ್ನದು. ತಮ್ಮ ಜೀಪು ಬರುವ ನಾಲ್ಕು ದಿನದ ಹಿಂದಿನ ಭಾನುವಾರ ನಾನು ಹಾಕಿದ್ದು. ಗಾಯ ಮಾಯಲು ಬಿಟ್ಟಿದ್ದರೆ ತಮಗೆ ರೋಗ ಕಾಣುತ್ತಲೇ ಇರಲಿಲ್ಲ. ಈ ಮಾತನ್ನು ನಾನು ಮೂರು ತಿಂಗಳಿನಿಂದ ದಿನಾ ಹೇಳಿಕೊಳ್ಳುತ್ತಿದ್ದೇನೆ, ಇವತ್ತು ಎಲ್ಲರೆದುರು ಹೇಳುತ್ತಿದ್ದೇನೆ.

ನನ್ನ ತಪ್ಪು ಇಲ್ಲಿಗೆ ಮುಗಿಯುವುದಿಲ್ಲ. ಬೋರ್ಡು ನೋಡಿದ ದಿನವೇ ಮಲ್ಲಣ್ಣ ಹೇಳಿದ. "ವೈನಿ, ಪಂಚ ತಗೊಂಡ ಸೀದಾ ಸಾಹೇಬರ ಆಫೀಸಿಗೆ ನಡೀರಿ. ಒಂದ ಕಾಗದದ ಮ್ಯಾಲೆ ಕಟ್ ಹೊಡದ ತೋರಿಸ್ರಿ. ಮುಗೀತು." ಎಷ್ಟು ಸರಳ! ಆದರೆ ನಾನು ಟಪಾಲು ಗುಮಾಸ್ತೆ. ಸರ್ಕಾರಿ ನೌಕರಳು ಇನ್ನೊಂದು ಇಲಾಖೆಗೆ ಬರೆಯುವುದಾದರೆ ಸೂಕ್ತ ಮಾರ್ಗದ ಮೂಲಕವೇ ಬರೆಯಬೇಕೆಂದು ತಿಳಿದವಳು. ಅರ್ಜಿ ಬರೆದು ನಮ್ಮ ವಿಭಾಗದ ಮೇಲಿನವರ ಮೇಜಿನ ಮೇಲೆ ಇಟ್ಟೆ. ಅವರು ರಜೆಯಲ್ಲಿದ್ದರು. ರಜೆಯಿಂದ ಬಂದು, ವಿಷಯ ಎಂಬಲ್ಲಿ ವಿಷಯ ಸ್ಪಷ್ಟವಿಲ್ಲ ಎಂದು ಮರಳಿಸಿದರು. ತಿದ್ದಿದೆ. ಅದು ಇನ್ನೊಂದು ಮೇಜಿಗೆ ಹೋಯಿತು. ಅಲ್ಲಿಂದ ಇನ್ನೊಂದಕ್ಕೆ. ವಿಷಯ ಸ್ಪಷ್ಟವಿಲ್ಲದಿದ್ದುದೂ ನಿಜವೇ. "ಸದರಿ ಗುರುತುಗಳು ರೋಗದವಲ್ಲವೆಂದು ಅರ್ಜಿದಾರಳಿಗೆ ಖಚಿತವಾಗಿ ತಿಳಿದಿರುತ್ತದೆ" ಎಂದು ಬರೆದಿದ್ದೆ. ಹೇಗೆ ತಿಳಿದಿರುತ್ತದೆ ಎಂದು ಬರೆದಿರಲಿಲ್ಲ. ಬರೆದರೆ, ಸಿಕ್ಕಿಲ್ಲವೆಂದು ಸಹಿ ಮಾಡಿದ ಪಂಚು ಸಿಕ್ಕಿದೆ ಎಂದು ಬರೆಯಬೇಕಾಗಿತ್ತು.

ಈ ನಡುವೆ ಒಂದು ದಿನ ರಜೆ ಹಾಕಿ ತಮ್ಮ ಕಚೇರಿಗೇ ಬಂದೆ. ತಮಗೆ ನೆನಪಿರಲಾರದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬೆಂಚಿನ ಮೇಲೆ ಕೂತಿದ್ದೆ. ಆಮೇಲೆ ಒಳಗೆ ಕರೆದಿರಿ, ಕುರ್ಚಿ ತೋರಿಸಿದಿರಿ. ಆ ಸೌಜನ್ಯಕ್ಕೆ ಋಣಿ. ಮೀನಿಗೆ ರೋಗವಿಲ್ಲ ಸರ್ ಎಂದೆ. ತಾವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದಿರಿ: "ಆಧಾರಂ ಏಮುಂದಮ್ಮಾ?" ಆಧಾರ ಏನಿದೆ ಎಂದು.

ಪಂಚು ನನ್ನ ಕೈಚೀಲದಲ್ಲಿತ್ತು. ನನ್ನ ಕೈ ಚೀಲದೊಳಗಿತ್ತು. ಪಂಚಿನ ಹಿಡಿಯನ್ನು ಬೆರಳುಗಳು ಹಿಡಿದೂ ಇದ್ದವು. ತಮ್ಮ ಮೇಜಿನ ಮೇಲೆ ಬೇಕಾದಷ್ಟು ಕಾಗದವಿತ್ತು. ಒಂದು ಕಟ್ ಸಾಕಿತ್ತು. ನಾನು ನೌಕರಿಯನ್ನು ನೆನೆದೆ, ಮನೆಯಲ್ಲಿರುವ ಮುದುಕಿಯನ್ನು ನೆನೆದೆ, ವಿಚಾರಣೆ ಎಂಬ ಪದವನ್ನು ನೆನೆದೆ. "ಅರ್ಜಿ ಬರುತ್ತದೆ ಸರ್, ಸೂಕ್ತ ಮಾರ್ಗದಲ್ಲಿ ಬರುತ್ತದೆ" ಎಂದು ಹೇಳಿ ಎದ್ದು ಬಂದೆ. ತಾವು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ಉತ್ತರ ಕೊಡಬೇಕಾದವಳು ಕೊಡಲಿಲ್ಲ. ತಮ್ಮನ್ನು ಬಯ್ಯಲು ಕೂತಾಗಲೆಲ್ಲ ಇದೊಂದು ಅಡ್ಡ ಬರುತ್ತದೆ.

ಮಾರ್ಚ್ ತಿಂಗಳ ಆ ಬುಧವಾರದ ಹಿಂದಿನ ದಿನ, ಮಂಗಳವಾರ, ನನ್ನ ಅರ್ಜಿ ಎಲ್ಲ ಸಹಿಗಳನ್ನೂ ಹೊತ್ತು ನನ್ನ ಮೇಜಿಗೇ ಬಂತು. ಹೊರಹೋಗುವ ಟಪಾಲಿನ ರಿಜಿಸ್ಟರಿನಲ್ಲಿ ನಾನೇ ನಂಬರು ಹಾಕಿದೆ. ನಾನೇ ಅಂಚೆಚೀಟಿ ಅಂಟಿಸಿದೆ. ಮನೆಗೆ ಬಂದು ಅತ್ತೆಯವರಿಗೆ, ಇನ್ನು ಚಿಂತೆಯಿಲ್ಲ, ಕಾಗದ ಹೋಗಿದೆ ಎಂದೆ. ಅವರು ಅಂದು ಪಾಯಸ ಮಾಡಿಸಿದರು.

ಬುಧವಾರ ಬೆಳಿಗ್ಗೆ ಏಳಕ್ಕೆ ಮಲ್ಲಣ್ಣ ಬಾಗಿಲಲ್ಲಿ ನಿಂತಿದ್ದ. ಶೆಡ್ಡಿಗೆ ಹೋಗುವ ನೀಲಿ ಬಟ್ಟೆಯಲ್ಲಿದ್ದ.

"ವೈನಿ, ಇವತ್ತ ಆ ಕಡೆ ಬರಬ್ಯಾಡ್ರಿ."

"ಯಾಕ, ಏನಾತು?"

"ಪೌಡರ ಹಾಕ್ಯಾರ್ರಿ. ನಸುಕಿನ್ಯಾಗನ ಹಾಕ್ಯಾರ."

ಕಚೇರಿಗೆಂದು ಉಟ್ಟ ಸೀರೆಯಲ್ಲೇ ಓಡಿದೆ. ದೂರದಿಂದಲೇ ಆಸ್ಪತ್ರೆಯ ವಾಸನೆ. ನೀರಿನ ಮೇಲೆ ಬೆಳ್ಳಗೆ ಹೊಟ್ಟೆಗಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಮೊಣಕಾಲ ನೀರಿನಲ್ಲಿ ನಿಂತು ಅವನ್ನು ದಂಡೆಗೆ ಎಳೆದು ರಾಶಿ ಹಾಕುತ್ತಿದ್ದರು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ನಾನು ರಾಶಿಯ ಪಕ್ಕ ಕೂತು ಒಂದೊಂದೇ ಬಾಲ ಬಿಡಿಸಿ ನೋಡತೊಡಗಿದೆ. "ಅಮ್ಮಾ, ಮುಟ್ಟುಕೋಕಂಡಿ, ರೋಗಂ ಉಂದಿ!" ಎಂದು ಮೇಸ್ತ್ರಿ ಕೂಗಿದ. ಮುಟ್ಟಬೇಡಿ, ರೋಗವಿದೆ ಎಂದು. ಪಾಪ, ಅವನಿಗೆ ನನ್ನ ಮೇಲೆ ಕಾಳಜಿ. ಮಲ್ಲಣ್ಣ ಅವನ ಬಳಿ ಹೋಗಿ ಏನೋ ಹೇಳಿದ, ಆಮೇಲೆ ಅವನು ನನ್ನನ್ನು ಬಿಟ್ಟುಬಿಟ್ಟ. ನನಗೆ ತಿಳಿದಂತೆ ಕುಂಟೆಯಲ್ಲಿ ಗುರುತಿನ ಮೀನು ಉಳಿದಿದ್ದವು ಹದಿನಾಲ್ಕು. ಮೂರನ್ನು ತಾವು ಒಯ್ದಿದ್ದಿರಿ. ರಾಶಿಯಲ್ಲಿ ಹನ್ನೊಂದು ಸಿಕ್ಕವು. ಒಂದೂ ತಪ್ಪಿಸಿಕೊಂಡಿರಲಿಲ್ಲ. ಬದಿಗೆ ಸಾಲಾಗಿ ಇಟ್ಟೆ. ಟ್ರ್ಯಾಕ್ಟರು ಬಂದಾಗ ಅವನ್ನೂ ತುಂಬಿದರು.

ಅಂದು ಭಾನುವಾರವಲ್ಲ. ಆದರೂ ಸಂಜೆ ಅತ್ತೆಯವರು ಬಾಗಿಲ ಬಳಿ ಚಾಪೆ ಹಾಕಿಕೊಂಡು ಕೂತಿದ್ದರು. ಬೀದಿಯಲ್ಲಿ ಆಡಿದ ಮಾತು ಅವರ ಕಿವಿಗೂ ಬಿದ್ದಿರಬೇಕು. ನನ್ನ ಸೀರೆಯನ್ನೇ ನೋಡುತ್ತ ಕೇಳಿದರು, "ನಮ್ಮ ಪ್ರಹ್ಲಾದನ ಮೀನ ಸಿಕ್ಕಾವೇನ?"

"ಎಲ್ಲಾ ಸಿಕ್ಕಾವ್ರಿ" ಎಂದೆ.

ಆಮೇಲೆ ಅವರು ಕೇಳಲಿಲ್ಲ. ಮಲ್ಲಣ್ಣ ಈಗಲೂ ಭಾನುವಾರ ಬರುತ್ತಾನೆ. ಚಹಾ ಕುಡಿದು ಹೋಗುತ್ತಾನೆ. ಹೇಳಲು ಅವನ ಬಳಿ ಸುದ್ದಿಯಿಲ್ಲ.

ಏಪ್ರಿಲಿನಲ್ಲಿ ತಮ್ಮ ಉತ್ತರ ಬಂತು. ಒಳಬರುವ ಟಪಾಲಿನಲ್ಲಿ ಅದಕ್ಕೂ ನಾನೇ ನಂಬರು ಹಾಕಿದೆ. "ಸದರಿ ಕುಂಟೆಯಲ್ಲಿ ಪ್ರಸ್ತುತ ಯಾವುದೇ ಮೀನು ಇಲ್ಲದಿರುವುದರಿಂದ ತಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ." ಇಷ್ಟು ವರ್ಷ ಟಪಾಲು ನೋಡಿದ್ದೇನೆ, ಇಷ್ಟು ನಿಜವಾದ ವಾಕ್ಯವನ್ನು ಯಾವ ಇಲಾಖೆಯೂ ಬರೆದದ್ದು ನೋಡಿಲ್ಲ.

ಆ ತಿಂಗಳ ಕೊನೆಗೆ ವರದಿಯ ಪ್ರತಿ ಕೇಳಲು ತಮ್ಮ ಕಚೇರಿಗೆ ಬಂದಾಗ, ಗುಮಾಸ್ತರು ಪ್ರತಿ ಹುಡುಕುವವರೆಗೆ ಒಳಗಿನ ಕೋಣೆಯಲ್ಲಿ ನಿಂತಿದ್ದೆ. ಗೋಡೆಯ ಕಪಾಟಿನಲ್ಲಿ ಗಾಜಿನ ಸೀಸೆಗಳಿದ್ದವು. ಎರಡನೆಯ ಸಾಲಿನ ಕೊನೆಯ ಸೀಸೆಯಲ್ಲಿ ಒಂದು ದೊಡ್ಡ ಬಾಲ. ಆ ಕಾಟ್ಲಾ. ಮೇಲಿನ ಎಲೆಯಲ್ಲಿ ಒಂದು ಗುರುತು, ಹಳೆಯದು, ಮಸುಕು. ಅದು ಅವರದು. ಕೆಳಗಿನ ಎಲೆಯಲ್ಲಿ ಒಂದು, ಹೊಸದು. ಅದು ನನ್ನದು. ಇಬ್ಬರೂ ಒಂದೇ ಬಾಲದಲ್ಲಿ, ತಮ್ಮ ಕಪಾಟಿನಲ್ಲಿ ಇದ್ದೇವೆ. ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದೀರಿ. ಕುಂಟೆಯ ಹೆಸರು, ತಾರೀಖು, ಕೊನೆಗೆ: ಕಾರಣ ತಿಳಿದಿಲ್ಲ.

ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ. ಹೇಳಬಾರದಿತ್ತೋ ಏನೋ. ಮಗ ಇದ್ದಷ್ಟು ವರ್ಷವೂ ಮೀನಿನ ವಾಸನೆಯನ್ನು ಹಿತ್ತಲ ನಲ್ಲಿಯಿಂದ ಈಚೆಗೆ ಬಿಡದ ಹೆಂಗಸು ಹೇಳಿದರು, "ಆ ಬಾಟ್ಲಿ ಮನೀಗೆ ತಗೊಂಡು ಬಾ. ದೇವರ ಮನ್ಯಾಗ ಬ್ಯಾಡ. ಪಡಸಾಲ್ಯಾಗ ಇಡೋಣು." ಅದಕ್ಕಾಗಿಯೇ ಆ ತೆಲುಗು ಪತ್ರ ಬರೆಸಿದ್ದೆ. ಅದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ಹೋದ ಸೋಮವಾರ ನಾನು ಪಂಚನ್ನು ನಮ್ಮ ಕಚೇರಿಗೆ ಒಪ್ಪಿಸಿದೆ. ಸಿಕ್ಕಿಲ್ಲವೆಂದು ಬರೆದದ್ದು ಸುಳ್ಳು ಎಂದು ಬರೆದುಕೊಟ್ಟೆ. ವಿಚಾರಣೆಯ ಕಾಗದ ಬರಲಿದೆಯಂತೆ. ಬರಲಿ, ಅದಕ್ಕೂ ನಂಬರು ಹಾಕುತ್ತೇನೆ. ಯಾವುದಕ್ಕೆ ಹೆದರಿ ಅವತ್ತು ಚೀಲದಿಂದ ಕೈ ತೆಗೆಯಲಿಲ್ಲವೋ ಅದು ಈಗ ಹೇಗೂ ಬರಲಿದೆ, ಮೀನುಗಳು ಮಾತ್ರ ಇಲ್ಲ. ಒಪ್ಪಿಸುವ ಮುಂಚೆ ಒಂದು ಹಳೆಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಕೊನೆಯ ಸಲ ಒಂದು ಕಟ್ ಹಾಕಿದೆ. ಆ ಟಿಕೆಟ್ಟನ್ನು ತಮಗೆ ಕಳಿಸುವ ಪ್ರತಿಗೆ ಲಗತ್ತಿಸಿದ್ದೇನೆ. ಕನ್ನಡ ಓದಲು ಬಾರದಿದ್ದರೆ ಚಿಂತೆಯಿಲ್ಲ. ಟಿಕೆಟ್ಟನ್ನು ಕಪಾಟಿನ ಬಳಿ ಒಯ್ದು ಎರಡನೆಯ ಸಾಲಿನ ಕೊನೆಯ ಸೀಸೆಗೆ ಹಿಡಿದು ನೋಡಬೇಕು. ಮೊಂಡು ಮೂಲೆ ಯಾವ ಕಡೆಗಿದೆ ಎಂದು ನೋಡಬೇಕು. ಆಧಾರ ಕೇಳಿದ್ದಿರಿ. ತಡವಾಯಿತು, ಕ್ಷಮಿಸಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಸೀಸೆಯನ್ನು ನಮಗೆ ಕೊಡಿ. ಅತ್ತೆಯವರಿಗೆ ಎಪ್ಪತ್ತೆಂಟು, ಸೂಕ್ತ ಮಾರ್ಗದಲ್ಲಿ ಕಾಯುವಷ್ಟು ಸಮಯ ಅವರ ಬಳಿಯಿಲ್ಲ. ನಿಯಮದಲ್ಲಿ ಅವಕಾಶವಿಲ್ಲವೆಂದಾದರೆ ಸೀಸೆ ತಮ್ಮಲ್ಲೇ ಇರಲಿ, ಚೀಟಿಯನ್ನಾದರೂ ತಿದ್ದಿ. ಕಾರಣ ತಿಳಿದಿಲ್ಲ ಎಂಬುದನ್ನು ಹೊಡೆದುಹಾಕಿ, ಕಾರಣ ತಿಳಿದಿದೆ ಎಂದು ಬರೆಯಿರಿ. ಮೇಲಿನ ಗುರುತು ಪ್ರಹ್ಲಾದರಾವ್, ಟಿಕೆಟ್ ಕಲೆಕ್ಟರ್, ಇವರದು. ಕೆಳಗಿನದು ಅವರನ್ನು ಬಿಡಲಾರದ ಹೆಂಡತಿಯದು. ಮೀನಿಗೆ ಏನೂ ಆಗಿರಲಿಲ್ಲ.

ಇಂತಿ,
ಆಧಾರವನ್ನು ಕೈಚೀಲದಲ್ಲಿಟ್ಟುಕೊಂಡೇ ಎದ್ದು ಬಂದವಳು,
ಸುಹಾಸಿನಿ
ಟಪಾಲು ಗುಮಾಸ್ತೆ

ಲಗತ್ತು: ಪ್ಲಾಟ್‌ಫಾರ್ಮ್ ಟಿಕೆಟ್ ಒಂದು, ಕತ್ತರಿಸಿದ್ದು.